ಸಹಪಾಠಿಗಳ ಕೂಟಕ್ಕೆ ಬಾರದವರು

ಕಳೆದ ತಿಂಗಳು ಥಾಣೆಯ ಸಭಾಗೃಹವೊಂದರಲ್ಲಿ ಊರ ಕಡೆಯ ಒಂದು ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸ್ನೇಹಕೂಟ ಜರುಗಿತು. ಇಪ್ಪತ್ತೈದು ವರ್ಷಗಳ ಹಿಂದೆ ಒಂದೇ ವರ್ಷ ಪದವಿ ಪಡೆದು, ಹೊಟ್ಟೆಪಾಡಿಗಾಗಿ ಈ ಕಡೆ ಬಂದು, ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ಬೇರು ಬಿಟ್ಟವರೆಲ್ಲ ಒಮ್ಮೆ ಮುಖ ನೋಡಿಕೊಳ್ಳಬೇಕೆಂಬುದು ಸಂಚಾಲಕರ ಉದ್ದೇಶ. ಪತ್ರಿಕೆಯವರೆಂಬ ಮರ್ಯಾದೆಗೆ ನಮ್ಮನ್ನೂ ಕರೆದು ವೇದಿಕೆಯ ಮೇಲೆ ಕೂರಿಸಿದ್ದರು. ಕಾಲೇಜಿನ ಮೆಟ್ಟಿಲನ್ನೇ ಹತ್ತದವರಿಗೆ ಕಾಲೇಜಿನವರ ಕೂಟದಲ್ಲಿ ಶಾಲು, ಹಾರ! ಹೋಟೆಲು ನಡೆಸುತ್ತಿದ್ದಾಗ ಇಂತಹ ಕೂಟಗಳಿಂದ ನಮಗೆ ಬರುತ್ತಿದ್ದುದು ಇಡ್ಲಿ, ವಡೆಗಳ ಆರ್ಡರು ಮಾತ್ರವೆಂಬುದು ನೆನಪಾಗಿ ಒಳಗೊಳಗೇ ನಗು ಬಂದಿತು.

ಕೂಟ ಚೆನ್ನಾಗಿಯೇ ನಡೆಯಿತು. ತಲೆ ನರೆತವರು ಹುಡುಗರಂತೆ ಒಬ್ಬರ ಬೆನ್ನಿಗೊಬ್ಬರು ಗುದ್ದಿದರು; ತೀರಿಕೊಂಡ ಅಧ್ಯಾಪಕರನ್ನು ನೆನೆದು ಕಣ್ಣೊರೆಸಿಕೊಂಡರು; ಬಣ್ಣದ ಸ್ಮರಣ ಸಂಚಿಕೆಯೊಂದು ಬಿಡುಗಡೆಯಾಯಿತು. ಭಾಷಣಗಳು ನಡೆಯುತ್ತಿದ್ದಾಗ ಪಕ್ಕದಲ್ಲಿದ್ದ ಸಂಚಾಲಕರ ಕೈಯ ಪಟ್ಟಿಯ ಮೇಲೆ ನಮ್ಮ ಕಣ್ಣು ಹೋಯಿತು. ಆ ವರ್ಷದವರಲ್ಲಿ ಈ ಪ್ರದೇಶದಲ್ಲಿ ಇದ್ದಾರೆಂದು ಗೊತ್ತಾದವರ ಹೆಸರು ಅರುವತ್ತೆರಡು. ಬಂದವರೆಂದು ಗುರುತು ಹಾಕಿದ್ದು ಇಪ್ಪತ್ತೇಳು. ಉಳಿದವರೆಲ್ಲಿ ಎಂದು ಮೆಲ್ಲನೆ ಕೇಳಿದೆವು. ಕೆಲವರ ನಂಬರು ಬದಲಾಗಿತ್ತು, ಕೆಲವರಿಗೆ ಊರಿನಲ್ಲಿ ಪೂಜೆಯಿತ್ತು. ಒಂದು ಹೆಸರಿನ ಬಳಿ ಬಂದಾಗ ಸಂಚಾಲಕರು ಧ್ವನಿ ತಗ್ಗಿಸಿ ಹೇಳಿದರು: "ಅವನು ನಮ್ಮ ಜೊತೆಗೇ ಬಿ.ಕಾಂ. ಮಾಡಿದವನು, ಸ್ವಾಮಿ. ಆದರೆ ಈಗ ತುರ್ಭೆಯ ಒಂದು ಕ್ಯಾಂಟೀನಿನಲ್ಲಿ ಬಿಲ್ಲು ಬರೆಯುತ್ತಿದ್ದಾನೆ. ಫೋನು ಮಾಡಿದ್ದೆವು, ಬರುತ್ತೇನೆಂದ. ಬರಲಿಲ್ಲ. ನಾಚಿಕೆಯಿರಬೇಕು."

ಆ ಮಾತಿನಲ್ಲಿ ತಾತ್ಸಾರವಿರಲಿಲ್ಲ. ಸಂಚಾಲಕರು ಸಜ್ಜನರು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದರೂ ಕೂಟದ ಕುರ್ಚಿಗಳನ್ನು ತಾವೇ ಸರಿಪಡಿಸುತ್ತಿದ್ದವರು. ಆದರೂ ಆ ನಾಚಿಕೆಯೆಂಬ ಮಾತು ನಮ್ಮೊಡನೆ ಗಾಡಿ ಹತ್ತಿತು, ಮನೆಯವರೆಗೂ ಬಂದಿತು. ನಾಚಬೇಕಾದವರು ಯಾರು? ಬಾರದವನೇ, ಬರಲಾರದಂತೆ ಕೂಟವನ್ನು ಕಟ್ಟಿದವರೇ? ಈ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರ ನಮಗಿದೆಯೆಂದು ಭಾವಿಸುತ್ತೇವೆ. ಅದು ಸಂಪಾದಕರೆಂಬ ಕಾರಣದಿಂದ ಬಂದ ಅಧಿಕಾರವಲ್ಲ. ಒಮ್ಮೆ ತಪ್ಪು ಮಾಡಿದವರೆಂಬ ಕಾರಣದಿಂದ ಬಂದುದು. ಆ ತಪ್ಪಿನ ಕಥೆಯನ್ನು ಮುಂದೆ ಹೇಳುವೆವು.

ಮೊದಲು ಒಂದು ವಿಷಯವನ್ನು ಓದುಗರು ಗಮನಿಸಬೇಕು. ನಮ್ಮವರಲ್ಲಿ ಪದವೀಧರನಿಗೂ ಹೋಟೆಲಿನವನಿಗೂ ನಡುವೆ ಇರುವ ಅಂತರ ನಾವು ಭಾವಿಸುವಷ್ಟು ದೊಡ್ಡದೇನೂ ಅಲ್ಲ. ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಮೆಮೋರಿಯಲ್ ಕಾಲೇಜು ತೆರೆದುದೇ 1949ರಲ್ಲಿ. ಅದಕ್ಕೆ ಮುಂಚೆ ಆ ಕಡೆಯ ಹುಡುಗ ಕಾಲೇಜು ಸೇರಬೇಕಾದರೆ ಮಂಗಳೂರಿಗೆ ಹೋಗಿ ಅನ್ನಕ್ಕೂ ವಸತಿಗೂ ದಾರಿ ನೋಡಬೇಕಾಗಿತ್ತು. ಕುಂದಾಪುರದಲ್ಲಿ ಭಂಡಾರ್ಕರ್ಸ್ ಕಾಲೇಜು ಬಂದುದು 1963ರಲ್ಲಿ. ಘಟ್ಟದ ಮೇಲಿನವರಿಗೆ 1917ರಷ್ಟು ಹಿಂದೆಯೇ ಧಾರವಾಡದ ಕರ್ನಾಟಕ ಕಾಲೇಜು ದೊರೆತಿದ್ದರೂ, ಹೊಲ ಬಿಟ್ಟು ಅಲ್ಲಿಗೆ ಹೋಗಬಲ್ಲವರು ಎಷ್ಟು ಮಂದಿ? ಹೀಗೆ ಕಾಲೇಜುಗಳು ಮನೆಯ ಹತ್ತಿರ ಬಂದಾಗ ಮನೆತನದಲ್ಲೇ ಮೊದಲಿಗರಾಗಿ ಪದವಿ ಪಡೆದವರು ಹೆಚ್ಚಿದರು. ಆದರೆ ಪದವಿಗೆ ತಕ್ಕ ಕೆಲಸ ಊರಿಗೆ ಬರಲಿಲ್ಲ. ಆದುದರಿಂದ ಬಿ.ಎ. ಮುಗಿಸಿದವನೂ ಏಳನೆಯ ತರಗತಿಗೆ ಶಾಲೆ ಬಿಟ್ಟವನೂ ಮುಂಬಯಿಯ ಒಂದೇ ಬಸ್ಸನ್ನು ಹತ್ತಿದರು. ಇಲ್ಲಿ ಇಳಿದ ಮೇಲೆ, ಗುರುತಿನ ಮಾವನೊಬ್ಬ ಬ್ಯಾಂಕಿನಲ್ಲಿದ್ದವನು ಗುಮಾಸ್ತನಾದ. ಮಾವ ಹೋಟೆಲಿನಲ್ಲಿದ್ದವನು ಗಲ್ಲಾಪೆಟ್ಟಿಗೆಯ ಬಳಿ ನಿಂತ. ಅನೇಕರ ವಿಷಯದಲ್ಲಿ ವ್ಯತ್ಯಾಸವೆಂದರೆ ಇಷ್ಟೇ. ಇದನ್ನೇ ಇಪ್ಪತ್ತೈದು ವರ್ಷಗಳ ಬಳಿಕ ಯೋಗ್ಯತೆಯೆಂದು ಕರೆದು, ಹೆಸರಿನ ಕೆಳಗೆ ಹುದ್ದೆ ಅಚ್ಚು ಹಾಕಿಸಿ ಹಂಚುವುದು ನಮಗೆ ನ್ಯಾಯವೆನಿಸುವುದಿಲ್ಲ.

ನಮ್ಮ ಮಾತಿಗೆ ಬರೋಣ. ನಮ್ಮ ಕಾಲೇಜೆಂದರೆ ರಾತ್ರಿ ಶಾಲೆ. ಮುಂಬಯಿಯ ಕನ್ನಡಿಗರಿಗೆ ಈ ರಾತ್ರಿ ಶಾಲೆಗಳು ಏನಾಗಿದ್ದುವೆಂಬುದನ್ನು ಇಂದಿನ ತರುಣರು ಅರಿಯರು. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್ ಮೊದಲಾದ ಸಂಸ್ಥೆಗಳು, ಹಗಲು ದುಡಿಯುವ ಹುಡುಗರಿಗಾಗಿ ರಾತ್ರಿ ದೀಪ ಹಚ್ಚಿ ಕನ್ನಡದಲ್ಲಿ ಪಾಠ ಹೇಳಿಸಿದುವು. ಅಲ್ಲಿ ಓದಿದವರಲ್ಲಿ ಕೆಲವರು ಮುಂದೆ, 1946ರಲ್ಲಿ ಡಾ. ಅಂಬೇಡ್ಕರರು ಸ್ಥಾಪಿಸಿದ ಸಿದ್ಧಾರ್ಥ ಕಾಲೇಜಿನಂತಹ ಕಡೆ ಬೆಳಗಿನ ತರಗತಿಗಳಿಗೆ ಸೇರಿ, ಪಾಠ ಮುಗಿಸಿ ಕೆಲಸಕ್ಕೆ ಓಡುತ್ತ ಪದವೀಧರರೂ ಆದರು. ನಾವು ಅಷ್ಟು ದೂರ ನಡೆಯಲಿಲ್ಲ. 1997ರಲ್ಲಿ ಹತ್ತನೆಯ ತರಗತಿ ಮುಗಿಸಿ ನಿಂತೆವು. ಮಹಾರಾಷ್ಟ್ರದಲ್ಲಿ ಅದಕ್ಕೆ ಎಸ್.ಎಸ್.ಸಿ. ಎಂದು ಹೆಸರು; ನಮ್ಮವರ ಬಾಯಲ್ಲಿ ಅದು ಇಂದಿಗೂ ಎಸ್.ಎಸ್.ಎಲ್.ಸಿ.ಯೇ.

ಸಂಜೆ ಆರೂವರೆಗೆ ಗಂಟೆ ಬಾರಿಸುತ್ತಿತ್ತು. ಅದಕ್ಕೆ ಮೊದಲು ಮಾಲಕರ ಮುಖ ನೋಡಿ, ಅಪ್ಪಣೆ ಪಡೆದು, ಕೈಕಾಲು ತೊಳೆದು ಓಡಬೇಕು. ಎಷ್ಟು ತೊಳೆದರೂ ಈರುಳ್ಳಿಯ ವಾಸನೆ ಬೆರಳು ಬಿಡುತ್ತಿರಲಿಲ್ಲ. ಹಗಲು ಚಿಕ್ಕ ಮಕ್ಕಳು ಕೂರುವ ಬೆಂಚುಗಳು. ನಮ್ಮ ಮೊಣಕಾಲು ಅದರಡಿಯಲ್ಲಿ ಹಿಡಿಯುತ್ತಿರಲಿಲ್ಲ. ಬೆಳಗ್ಗೆ ಐದಕ್ಕೆ ಎದ್ದವರು ರಾತ್ರಿ ಎಂಟಕ್ಕೆ ಭೂಗೋಳ ಕೇಳುವುದೆಂದರೆ ಏನು? ತರಗತಿಯ ಅರ್ಧ ಭಾಗ ತೂಕಡಿಸುತ್ತಿತ್ತು. ನಮ್ಮ ಮಾಸ್ತರರು ಹಗಲು ಬೇರೆಡೆ ದುಡಿದು ಬರುವವರು. ಅವರೂ ಒಮ್ಮೊಮ್ಮೆ ತೂಕಡಿಸುತ್ತಿದ್ದರೆಂದರೆ ಅವರಿಗೆ ಅಗೌರವವಾಗಲಾರದು.

ಆ ಬೆಂಚಿನಲ್ಲಿ ನಮ್ಮ ಎಡಕ್ಕೆ ಕೂರುತ್ತಿದ್ದವನೊಬ್ಬನಿದ್ದ. ಹೆಸರು ಬೇಡ. ಚಾ ಮಾಡುವ ಕೆಲಸ ಅವನದು, ಗಣಿತದಲ್ಲಿ ಹುಲಿ. ಬೀಜಗಣಿತ ನಮ್ಮ ತಲೆಗೆ ಹತ್ತುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ರಸ್ತೆಯ ದೀಪದ ಕೆಳಗೆ ನಿಂತು, ಹೋಟೆಲಿನ ಬಿಲ್ಲುಪುಸ್ತಕದ ಹಾಳೆಗಳ ಹಿಂಬದಿಯಲ್ಲಿ ಲೆಕ್ಕ ಬರೆದು ತೋರಿಸುತ್ತಿದ್ದ. "ಎಂತ ಮಾರಾಯ, ಇಷ್ಟೂ ಗೊತ್ತಾಗುದಿಲ್ವಾ ನಿಂಗೆ? ನಾಳೆ ಮಾಲಕ ಆಗಿ ಗಲ್ಲೆಯಲ್ಲಿ ಹೇಗೆ ಕೂರ್ತೀಯ?" ಎಂದು ಬಯ್ಯುತ್ತಿದ್ದ. ಪರೀಕ್ಷೆಯಲ್ಲಿ ನಾವು ಗಣಿತ ದಾಟಿದುದು ಅವನಿಂದ. ಅವನಾದರೋ ಅದೇ ವರ್ಷ ತಂದೆ ತೀರಿಕೊಂಡು ಊರಿಗೆ ಹೋದವನು, ಮರಳಿ ಬಂದಾಗ ಪರೀಕ್ಷೆ ಮುಗಿದಿತ್ತು. ಮತ್ತೆ ಕಟ್ಟಲಿಲ್ಲ.

ಬಳಿಕ ಎಲ್ಲರೂ ಚದುರಿದರು. ಹೋಟೆಲಿನ ಮಾಳಿಗೆಯಲ್ಲಿ ಮಲಗುವವನಿಗೆ ಮನೆಯ ಚಿಂತೆ ಹುಟ್ಟುವುದು ಮದುವೆಯಾದ ಮೇಲೆ. ಕೋಟೆ, ಗಿರ್ಗಾಂವ್‌ಗಳಲ್ಲಿ ಖೋಲಿ ಹಿಡಿಯುವ ಶಕ್ತಿ ನಮ್ಮಲ್ಲಿ ಯಾರಿಗಿತ್ತು? ಬಾಡಿಗೆ ಕಡಿಮೆಯೆಂದು ಒಬ್ಬ ಡೊಂಬಿವಲಿಗೆ ಹೋದ, ಇನ್ನೊಬ್ಬ ಕಲ್ಯಾಣಕ್ಕೆ, ಮತ್ತೊಬ್ಬ ಸಿಡ್ಕೋದ ಮನೆಯ ಆಸೆಯಿಂದ ಖಾಡಿ ದಾಟಿದ. ಮುಂಬಯಿಯ ಕನ್ನಡಿಗರ ಸಂಸಾರಗಳು ರೈಲ್ವೆಯ ಹಳಿಗಳ ಉದ್ದಕ್ಕೆ ಹೀಗೆ ಹರಡಿಕೊಂಡುವು.

2008ರಲ್ಲಿ ನಾವು ಪಾಲುಗಾರಿಕೆಯಲ್ಲಿ ಹೋಟೆಲು ಹಿಡಿದೆವು. ಎರಡು ವರ್ಷ ಕಳೆದಿರಬೇಕು, ಒಂದು ಮಧ್ಯಾಹ್ನ ನಾವು ಗಲ್ಲೆಯಲ್ಲಿ ಕುಳಿತಿದ್ದಾಗ ಬಾಗಿಲಲ್ಲಿ ಬಂದು ನಿಂತವನು ಅವನೇ. ಕೂದಲು ಉದುರಿತ್ತು, ಕೈಯಲ್ಲಿ ಬಟ್ಟೆಯ ಚೀಲ. ಒಳಗೆ ಇಬ್ಬರು ಪಾಲುಗಾರರೂ ಪರಿಚಯದ ಗಿರಾಕಿಗಳೂ ಇದ್ದರು. ಅವನು ಕ್ಷಣ ಕಾಲ ನಮ್ಮನ್ನು ನೋಡಿ, ಆಮೇಲೆ ಆ ಮೇಜು ಕುರ್ಚಿಗಳನ್ನು ನೋಡಿ, "ನಮಸ್ಕಾರ ಸೇಠ್, ನೀವು ಚೆನ್ನಾಗಿದ್ದೀರಾ?" ಎಂದನು.

'ನೀವು' ಎಂದನು. ನಾವು ಏಳಬೇಕಾಗಿತ್ತು, ಎದ್ದು, ಎಂತ ಮಾರಾಯ ಎನ್ನಬೇಕಾಗಿತ್ತು. ಏಳಲಿಲ್ಲ. ಬಹುವಚನವನ್ನು ಬಂದ ಬಿಲ್ಲಿನಂತೆ ಎತ್ತಿ ಗಲ್ಲೆಯೊಳಗೆ ಹಾಕಿಕೊಂಡೆವು. "ಬನ್ನಿ, ಚಾ ತೆಗೆದುಕೊಳ್ಳಿ" ಎಂದು ಹುಡುಗನಿಗೆ ಸನ್ನೆ ಮಾಡಿದೆವು. ಅವನು ಚಾ ಕುಡಿದನು, ಕಲ್ಯಾಣದಲ್ಲಿ ಮನೆ ಮಾಡಿದ್ದೇನೆ ಎಂದನು, ಮಗಳು ಶಾಲೆಗೆ ಹೋಗುತ್ತಾಳೆ ಎಂದನು. ಏನೋ ಕೇಳಲು ಬಂದಂತಿದ್ದನು, ಕೇಳಲಿಲ್ಲ. ನಾವೂ ಕೇಳಲಿಲ್ಲ. ಹೊರಡುವಾಗ ಚಾದ ದುಡ್ಡು ಮೇಜಿನ ಮೇಲೆ ಇಟ್ಟು ಹೋಗಿದ್ದನೆಂದು ಹುಡುಗ ತಂದುಕೊಟ್ಟ ಮೇಲೆ ನಮಗೆ ತಿಳಿಯಿತು.

ನಮ್ಮವರು ಯಕ್ಷಗಾನದ ಬಯಲಲ್ಲಿ ಕುಳಿತು ಕುಚೇಲನ ಕಥೆಗೆ ಕಣ್ಣೀರು ಸುರಿಸುವವರು. ಸಾಂದೀಪನಿಯ ಬಳಿ ಜೊತೆಗೆ ಓದಿದ ಬಡ ಬ್ರಾಹ್ಮಣ ಒಂದು ಹಿಡಿ ಅವಲಕ್ಕಿಯೊಡನೆ ಬಂದಾಗ ದ್ವಾರಕೆಯ ದೊರೆ ಓಡಿ ಬಂದು ತಬ್ಬಿಕೊಂಡನೆಂಬುದು ನಮಗೆಲ್ಲರಿಗೂ ಪ್ರಿಯವಾದ ಚಿತ್ರ. ಆದರೆ ಸಹಪಾಠಿಗಳ ಇನ್ನೊಂದು ಕಥೆಯೂ ನಮ್ಮಲ್ಲಿದೆ. ದ್ರೋಣನೂ ದ್ರುಪದನೂ ಒಂದೇ ಆಶ್ರಮದಲ್ಲಿ ಕಲಿತವರು. ಬಡತನ ತಾಳಲಾರದೆ ದ್ರೋಣನು ಗೆಳೆಯಾ ಎಂದು ಅರಮನೆಗೆ ಬಂದಾಗ, ಅರಸನಿಗೂ ದರಿದ್ರನಿಗೂ ಎಂತಹ ಗೆಳೆತನವೆಂದು ದ್ರುಪದನು ಮುಖ ತಿರುಗಿಸಿದನು. ಆ ಮಧ್ಯಾಹ್ನ ನಾವು ವಹಿಸಿದ ಪಾತ್ರ ಯಾವುದೆಂದು ಹೇಳಬೇಕಾಗಿಲ್ಲ. ದ್ರುಪದನಾದರೂ ಬಾಯಿ ಬಿಟ್ಟು ಆಡಿದ್ದನು. ನಾವು ಚಾ ಕೊಟ್ಟು ಮರ್ಯಾದಸ್ಥರಾದೆವು.

ಇದಾಗಿ ಹನ್ನೆರಡು ವರ್ಷಗಳ ಬಳಿಕ, 2022ರಲ್ಲಿ, ಆಗಲೇ ಹೋಟೆಲಿನ ಪಾಲು ಬಿಟ್ಟು ಪತ್ರಿಕೆ ಹಿಡಿದಿದ್ದ ನಮ್ಮ ಕಚೇರಿಗೆ ಒಬ್ಬ ಹುಡುಗಿ ಬಂದಳು. ಪ್ರಥಮ ಪುಣ್ಯಸ್ಮರಣೆಯ ಜಾಹೀರಾತು ಕೊಡಬೇಕು, ಚಿಕ್ಕದಕ್ಕೆ ದರ ಎಷ್ಟು ಎಂದು ಗುಮಾಸ್ತರನ್ನು ವಿಚಾರಿಸುತ್ತಿದ್ದಳು. ಮೇಜಿನ ಮೇಲೆ ಇದ್ದ ಭಾವಚಿತ್ರವನ್ನು ಹಾದುಹೋಗುವಾಗ ನೋಡಿದೆವು. ಅವನು ಹಿಂದಿನ ವರ್ಷ, 2021ರ ಎಪ್ರಿಲಿನಲ್ಲಿ, ಕೊರೋನಾದ ಎರಡನೆಯ ಅಲೆಯಲ್ಲಿ ತೀರಿಕೊಂಡಿದ್ದನು. ಒಂದು ವರ್ಷದ ಕಾಲ ನಮಗೆ ಸುದ್ದಿಯೇ ಇರಲಿಲ್ಲ. ಊರಿನವರ ಸಾವಿನ ಸುದ್ದಿಯನ್ನು ಊರಿಗೆಲ್ಲ ತಿಳಿಸುವ ಪತ್ರಿಕೆ ನಮ್ಮದು!

ಹುಡುಗಿಯನ್ನು ಕೂರಿಸಿ ಮಾತನಾಡಿಸಿದೆವು. ಅವಳು ಹೇಳಿದುದು ಇಷ್ಟು: "ಅಪ್ಪ ದಿನಾ ನಿಮ್ಮ ಪೇಪರ್ ಓದ್ತಿದ್ರು ಸರ್. ಇದರ ಸಂಪಾದಕ ನನ್ನ ಬೆಂಚಿನವ, ಅವನಿಗೆ ಲೆಕ್ಕ ಬರ್ತಿರಲಿಲ್ಲ ಅಂತ ನಗ್ತಿದ್ರು. ಹೋಗಿ ಒಮ್ಮೆ ಮಾತಾಡಿ ಅಪ್ಪ ಅಂದ್ರೆ, ಬೇಡ, ಅವನಿಗೆ ಕಷ್ಟ ಆಗ್ತದೆ ಅಂತಿದ್ರು."

ಅವನಿಗೆ ಕಷ್ಟವಾಗುತ್ತದೆ! ತನಗೆ ನಾಚಿಕೆಯೆಂದು ಅವನು ಹೇಳಲಿಲ್ಲ. ಮನೆಯೊಳಗೆ ಮಗಳ ಮುಂದೆ ಅವನು ನಮ್ಮನ್ನು ಏಕವಚನದಲ್ಲೇ ಕರೆಯುತ್ತಿದ್ದನು. ನಮ್ಮ ಮುಂದೆ ಮಾತ್ರ ಆ ಏಕವಚನವನ್ನು ನಮಗಾಗಿ ನುಂಗಿಕೊಂಡಿದ್ದನು. ತುರ್ಭೆಯ ಬಿ.ಕಾಂ.ನವರನ್ನು ಕುರಿತು ಸಂಚಾಲಕರು ನಾಚಿಕೆಯೆಂದಾಗ ನಮಗೆ ನೆನಪಾದುದು ಈ ಮಾತು. ಬಾರದವರೆಲ್ಲ ನಾಚಿ ಬಾರದವರೆಂದು ತಿಳಿಯುವುದು ಬಂದವರಿಗೆ ಅನುಕೂಲ. ಬಂದರೆ ಗೆಳೆಯರು ಕಸಿವಿಸಿಗೊಂಡಾರೆಂದು ದೂರ ನಿಲ್ಲುವವರೂ ಇದ್ದಾರೆ.

ನಲುವತ್ತು ದಾಟಿದವನನ್ನು ಏಕವಚನದಲ್ಲಿ ಕರೆಯುವವರು ಜಗತ್ತಿನಲ್ಲಿ ಎಷ್ಟು ಮಂದಿ ಉಳಿದಿರುತ್ತಾರೆ? ತಂದೆ ತಾಯಿ, ಒಬ್ಬಿಬ್ಬರು ಹಿರಿಯರು. ಅವರು ಹೋದ ಮೇಲೆ ಸಹಪಾಠಿಗಳೇ. ನಾವು ಏನೂ ಆಗದೆ ಇದ್ದ ಕಾಲಕ್ಕೆ ಸಾಕ್ಷಿಗಳಾಗಿ ಬೇರಾರೂ ಇಲ್ಲ. ಕಾಲೇಜಿನ ಗೆಳೆತನವನ್ನು ಹಿಡಿದಿಟ್ಟುಕೊಳ್ಳಬೇಕೆಂದು ನಾವು ಹೇಳುವುದು ಈ ಕಾರಣಕ್ಕಾಗಿ, ಮಗನಿಗೆ ಕೆಲಸ ಸಿಕ್ಕೀತೆಂದೋ ಸಾಲಕ್ಕೆ ಜಾಮೀನು ದೊರೆತೀತೆಂದೋ ಅಲ್ಲ. (ದೊರೆತರೆ ಬೇಡವೆನ್ನುವಷ್ಟು ವೈರಾಗ್ಯವೂ ನಮಗಿಲ್ಲ.)

ದೂರ ಹೆಚ್ಚು, ಸಮಯವಿಲ್ಲ ಎಂಬ ಮಾತನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. ದೂರವಿದ್ದುದು ಹಿಂದೆ. ಮಂಕುರ್ಡ್‌ನಿಂದ ಖಾಡಿಯ ಮೇಲೆ ವಾಶಿಗೆ ರೈಲು ಓಡಿದುದೇ 1992ರಲ್ಲಿ. ಅದಾದ ಮೇಲೂ ವಾಶಿಯವನು ಕಲ್ಯಾಣದ ಗೆಳೆಯನನ್ನು ಕಾಣಬೇಕಾದರೆ ಕುರ್ಲಾ ಸುತ್ತಿ ಬರಬೇಕಾಗಿತ್ತು. 2004ರಲ್ಲಿ ಥಾಣೆ-ವಾಶಿ ಮಾರ್ಗವಾದ ಮೇಲೆ ಥಾಣೆಯಲ್ಲಿ ಗಾಡಿ ಬದಲಿಸಿದರಾಯಿತು. ಊರಿಗೆ ಹೋಗುವ ಮತ್ಸ್ಯಗಂಧವೂ ಥಾಣೆಯಲ್ಲಿ ನಿಲ್ಲುತ್ತದೆ. ರಜೆಯ ದಿನಗಳಲ್ಲಿ ಆ ಪ್ಲಾಟ್‌ಫಾರ್ಮಿನಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಹಲಸಿನ ಹಪ್ಪಳದ ಗಂಟುಗಳ ನಡುವೆ ಹಳೆಯ ಮುಖವೊಂದು ಕಂಡೇ ಕಾಣುತ್ತದೆ. ಅವನು ನಮ್ಮನ್ನು ನೋಡಿ ಅತ್ತ ತಿರುಗಿಕೊಂಡರೆ, ಅಥವಾ ನಾವೇ ಫೋನು ನೋಡುವವರಂತೆ ತಲೆ ತಗ್ಗಿಸಿದರೆ, ಅದಕ್ಕೆ ರೈಲ್ವೆಯವರು ಹೊಣೆಯಲ್ಲ.

ಈಗ ಎಲ್ಲರ ಕೈಯಲ್ಲೂ ವಾಟ್ಸಾಪ್ ಗುಂಪುಗಳಿವೆ. ಅದರಿಂದ ಉಪಕಾರವಾಗಿಲ್ಲವೆನ್ನಲಾರೆವು. 2020ರ ಮಾರ್ಚಿನಲ್ಲಿ ಲೋಕಲ್ ಗಾಡಿಗಳೇ ನಿಂತುಹೋದಾಗ, ಹೋಟೆಲುಗಳು ಬಾಗಿಲು ಹಾಕಿ ಹುಡುಗರು ಮಾಳಿಗೆಗಳಲ್ಲಿ ಸಿಕ್ಕಿಬಿದ್ದಾಗ, ಅಕ್ಕಿ ಎಲ್ಲಿದೆ, ಔಷಧಿ ಎಲ್ಲಿದೆ ಎಂದು ತಿಳಿಸಿದ ಗುಂಪುಗಳಿದ್ದುವು. ಆದರೆ ಗುಂಪಿನಲ್ಲಿ ಮಾತನಾಡುವವರು ಯಾರು? ಮಗನಿಗೆ ಅಮೆರಿಕದಲ್ಲಿ ಕೆಲಸವಾಯಿತು, ಹೊಸ ಮನೆಯ ಗೃಹಪ್ರವೇಶವಾಯಿತು ಎನ್ನುವವರು. ಉಳಿದವರು ಓದಿ ಸುಮ್ಮನಿರುತ್ತಾರೆ. ಮುಂಜಾನೆ ಒಂದು ಹೂವಿನ ಚಿತ್ರ ಕಳುಹಿಸಿದರೆ ಬದುಕಿದ್ದಾರೆಂದು ಅರ್ಥ. ಮೂರು ತಿಂಗಳಿಂದ ಆ ಹೂವೂ ಬರುತ್ತಿಲ್ಲವಾದರೆ ಫೋನು ಮಾಡಿ ಕೇಳುವವರು ಗುಂಪಿನಲ್ಲಿ ಒಬ್ಬರಾದರೂ ಇರಬೇಕು.

ಇನ್ನು ಕೂಟಗಳ ವಿಷಯ. ಹಳೆಯ ವಿದ್ಯಾರ್ಥಿ ಸಂಘಗಳು ಬಡ ಮಕ್ಕಳಿಗೆ ಶುಲ್ಕ ಕಟ್ಟುತ್ತವೆ, ಕಾಲೇಜಿಗೆ ಕೊಠಡಿ ಕಟ್ಟಿಸಿಕೊಡುತ್ತವೆ. ಒಳ್ಳೆಯದು, ನಡೆಯಲಿ. ಆದರೆ ದೇಣಿಗೆಯ ಸಭೆಯೇ ಬೇರೆ, ಗೆಳೆಯರ ಕೂಟವೇ ಬೇರೆ. ಒಂದನ್ನು ಇನ್ನೊಂದರ ಒಳಗೆ ತೂರಿಸಿದಾಗಲೇ ಕೆಟ್ಟಿತು. ಕೈಯಲ್ಲಿ ರಸೀದಿ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತರೆ, ತಿಂಗಳ ಕೊನೆಯಲ್ಲಿ ಕಿಸೆ ತಡವಿಕೊಳ್ಳುವವನು ಆ ಬಾಗಿಲಿಗೆ ಏಕೆ ಬಂದಾನು? ವೇದಿಕೆ ಹಾಕಿದೊಡನೆಯೇ ಅದರ ಮೇಲೆ ಕೂರುವವರೂ ಕೆಳಗೆ ಕೂರುವವರೂ ಬೇರೆಬೇರೆಯಾಗುತ್ತಾರೆ. ನಮ್ಮಂತಹವರಿಗೆ ಶಾಲು ಹೊದಿಸುವ ಖರ್ಚಾದರೂ ಉಳಿಯಲಿ.

ದಿನ, ವೇಳೆಗಳನ್ನು ನಿಶ್ಚಯಿಸುವವರು ಕಚೇರಿಯ ಗುಮಾಸ್ತರು. ಆದುದರಿಂದ ಎಲ್ಲ ಕೂಟಗಳೂ ಭಾನುವಾರ ಸಂಜೆಗೇ ಬೀಳುತ್ತವೆ. ಭಾನುವಾರ ಸಂಜೆ ಹೋಟೆಲಿನಲ್ಲಿ ಕಾಲಿಡಲು ಸ್ಥಳವಿರುವುದಿಲ್ಲವೆಂಬುದು ಅಲ್ಲಿ ಮಸಾಲೆ ದೋಸೆ ತಿನ್ನಲು ಹೋಗುವ ಗುಮಾಸ್ತ ಮಿತ್ರರಿಗೆ ಗೊತ್ತಿಲ್ಲವೆ? ವಾರಕ್ಕೊಂದು ರಜೆ ಕಾನೂನಿನಲ್ಲಿದೆ, ನಿಜ. ಆ ರಜೆ ಹೋಟೆಲಿನವನಿಗೆ ಭಾನುವಾರ ಎಂದೂ ದೊರೆಯದು. ಅವನಿಗೆ ಉಸಿರಾಡಲು ಸಿಗುವ ಹೊತ್ತೆಂದರೆ ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಆರಂಭವಾಗುವುದರೊಳಗೆ, ಮಧ್ಯಾಹ್ನ ಮೂರರಿಂದ ಐದು, ಅದೂ ವಾರದ ನಡುವಿನ ದಿನ. ಗುಮಾಸ್ತರು ವರ್ಷಕ್ಕೊಮ್ಮೆ ಅರ್ಧ ದಿನದ ರಜೆ ಹಾಕಿದರೆ ಬ್ಯಾಂಕುಗಳು ಮುಳುಗಲಾರವು. ಹೋಟೆಲಿನ ಮಾಲಕರಿಗೂ ನಮ್ಮ ಒಂದು ಮಾತು, ಆ ಗಲ್ಲೆಯಲ್ಲಿ ಕುಳಿತವರಾಗಿಯೇ ಹೇಳುತ್ತೇವೆ: ಹುಡುಗನು ಹಳೆಯ ಸಹಪಾಠಿಗಳನ್ನು ನೋಡಿ ಬರುತ್ತೇನೆಂದು ಅಪ್ಪಣೆ ಕೇಳಿದರೆ ಸಂಬಳ ಹಿಡಿಯದೆ ಕಳುಹಿಸಿಕೊಡಿ. ರಾತ್ರಿ ಶಾಲೆಗೆ ಬಿಡುತ್ತಿದ್ದ ಹಳೆಯ ಮಾಲಕರು ಇದಕ್ಕಿಂತ ದೊಡ್ಡ ನಷ್ಟ ತಾಳಿದವರು.

ಆ ರಾತ್ರಿ ಶಾಲೆಗಳ ಬೆಂಚುಗಳು ಈಗ ಬಹುಮಟ್ಟಿಗೆ ಖಾಲಿ. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸಬಾರದೆಂಬ ನಿಷೇಧ 2006ರ ಅಕ್ಟೋಬರಿನಲ್ಲಿ ಜಾರಿಗೆ ಬಂದಿತು. ಅದು ಆಗಬೇಕಾದುದೇ ಆಗಿತ್ತು, ನಮ್ಮ ಬಾಲ್ಯಕ್ಕೆ ತಡವಾಯಿತಷ್ಟೆ. ಊರಿನಲ್ಲೂ ಹುಡುಗರು ಶಾಲೆ ಮುಗಿಸಿಯೇ ಹೊರಡುತ್ತಾರೆ. ಆದುದರಿಂದ ಅಲ್ಲಿ ಓದಿದ ನಾವೆಲ್ಲ ಮುಂದೆ ಹೆಚ್ಚಲಾರದ ಒಂದು ಗುಂಪು, ಕಡಿಮೆಯಾಗುವುದೊಂದೇ ಗೊತ್ತು.

ಹುಡುಗಿಯ ಜಾಹೀರಾತಿಗೆ ಹಣ ಬೇಡವೆಂದಾಗ ಅವಳು ಒಪ್ಪಲಿಲ್ಲ. ಚಾದ ದುಡ್ಡು ಇಟ್ಟು ಹೋದವನ ಮಗಳು. ರಸೀದಿ ಬರೆದು ಕೊಟ್ಟೆವು. ಅಂದಿನಿಂದ ನಮ್ಮ ತರಗತಿಯವರನ್ನು ಹುಡುಕುತ್ತಿದ್ದೇವೆ. ಮೂವತ್ತನಾಲ್ಕು ಮಂದಿಯಲ್ಲಿ ಈವರೆಗೆ ಹನ್ನೊಂದು ಮಂದಿ ಸಿಕ್ಕಿದ್ದಾರೆ: ಡೊಂಬಿವಲಿಯಲ್ಲಿ ನಾಲ್ವರು, ಕಲ್ಯಾಣದಲ್ಲಿ ಇಬ್ಬರು, ಥಾಣೆಯಲ್ಲಿ ಇಬ್ಬರು, ನೆರೂಲ್, ಘನ್ಸೋಲಿ, ಪನ್ವೇಲ್‌ಗಳಲ್ಲಿ ಒಬ್ಬೊಬ್ಬರು. ಒಬ್ಬರು ಭಟ್ಟರಾಗಿದ್ದಾರೆ, ಒಬ್ಬರಿಗೆ ಮೂರು ಹೋಟೆಲುಗಳಿವೆ, ಒಬ್ಬರು ರಿಕ್ಷಾ ಓಡಿಸುತ್ತಾರೆ. ಯಾರು ಯಾವುದೆಂದು ಪಟ್ಟಿಯಲ್ಲಿ ಬರೆದಿಲ್ಲ. ಬರುವ ತಿಂಗಳ ಎರಡನೆಯ ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಥಾಣೆ ನಿಲ್ದಾಣದ ಪಶ್ಚಿಮಕ್ಕೆ, ಟಿಕೇಟು ಕಿಟಕಿಯ ಬಳಿ ಸೇರಿ, ಅಲ್ಲಿಂದ ಹತ್ತಿರದ ಯಾವುದಾದರೂ ಹೋಟೆಲಿಗೆ ಹೋಗುವುದೆಂದು ನಿಶ್ಚಯಿಸಿದ್ದೇವೆ. 1997ರಲ್ಲಿ ಕೋಟೆಯ ರಾತ್ರಿ ಶಾಲೆಯಲ್ಲಿ ಹತ್ತನೆಯ ತರಗತಿಯಲ್ಲಿದ್ದವರು, ಪಾಸಾಗಿರಲಿ ಆಗದಿರಲಿ, ಇದನ್ನು ಓದುತ್ತಿದ್ದರೆ ಕಚೇರಿಗೆ ಒಂದು ಫೋನು ಮಾಡಬೇಕು. ಸಂಪಾದಕರು ಬೇಕೆಂದು ಕೇಳುವ ಅಗತ್ಯವಿಲ್ಲ. ಲೆಕ್ಕ ಬಾರದವನನ್ನು ಕರೆಯಿರಿ ಎಂದರೆ ನಮ್ಮ ಗುಮಾಸ್ತರು ಫೋನನ್ನು ನಮ್ಮ ಕೈಗೆ ಕೊಡುತ್ತಾರೆ.